ಡ್ರೋನ್ ಹೊಡೆದ ಮದ್ದು ಸೋಗೆಗೋ, ಕೊನೆಗೋ?

ಮೇ ಮುಗಿಯುತ್ತ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರದ್ದು ಒಂದೇ ಪ್ರಶ್ನೆ: ‘ಡ್ರೋನ್ ಎಕರೆಗೆ ಹತ್ತೇ ಲೀಟರಲ್ಲಿ ಮುಗಿಸುತ್ತಂತೆ, ಈ ಸಲ ಕಾಯಿಯ ಕೊಳೆ ರೋಗಕ್ಕೆ ಅದನ್ನೇ ಕರೆಸೋಣವಾ?’ ಮದ್ದು ಹೊಡೆಯುವವರು ಸಿಗದೆ ಕಂಗಾಲಾದವರ ಮಾತಿದು. ಮಳೆಯಲ್ಲಿ ಜಾರುವ ಮರ ಹತ್ತಿ ಬಿದ್ದವರ ಸಂಕಟ ಕಂಡ ಯಾರಿಗಾದರೂ ಯಂತ್ರ ಬರಲಿ ಎನ್ನಿಸುತ್ತದೆ, ನನಗೂ. ಆದರೆ ಆ ಹತ್ತು ಲೀಟರಿನ ಲೆಕ್ಕ ಗದ್ದೆಯದು, ಅಡಿಕೆ ತೋಟದ್ದಲ್ಲ.

ಭಾಗಿಸಿ ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಹತ್ತು ಲೀಟರ್ ಹಂಚಿದರೆ ಮರಕ್ಕೆ ಸಿಗುವುದು 18 ಮಿಲಿಲೀಟರ್ ಚಿಲ್ಲರೆ. ಅದನ್ನೂ ಮೊದಲು ಹಿಡಿಯುವುದು ಸೋಗೆ, ಅಂದರೆ ಮರದ ಎಲೆ. ಡ್ರೋನ್ ಮರದ ತಲೆಯಿಂದ ಎರಡು ಮೂರು ಮೀಟರ್ ಮೇಲೆ ಹಾರುತ್ತದೆ; ಕೊನೆ, ಅಂದರೆ ಕಾಯಿಗೊಂಚಲು, ಇರುವುದು ಸೋಗೆಯ ಕೆಳಗೆ, ಕಾಂಡಕ್ಕೆ ಒತ್ತಿಕೊಂಡು. ರೆಕ್ಕೆಯ ಗಾಳಿ ಹನಿಯನ್ನು ಕೆಳಕ್ಕೆ ದಬ್ಬುವುದು ನಿಜ. ಆದರೂ ದಟ್ಟ ತೋಟದಲ್ಲಿ ಬಹುಪಾಲು ಮೇಲೆಯೇ ಉಳಿಯುತ್ತದೆ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮರದೊಳಗೆ ಹರಿದಾಡುವ ಮದ್ದಲ್ಲ. ತಾಗಿದ ಕಾಯಿಯನ್ನಷ್ಟೇ ಕಾಯುತ್ತದೆ, ತಾಗದ ಕಾಯಿ ಕೊಳೆಯುತ್ತದೆ. ದೋಟಿಯವನು ಉದ್ದ ಕೋಲಿನ ತುದಿಯ ನಳಿಕೆಯನ್ನು ಕೊನೆಯ ಸುತ್ತ ತಿರುಗಿಸಿ ಒಳಗಿನ ಕಾಯಿಯನ್ನೂ ತೋಯಿಸುತ್ತಾನಲ್ಲ, ಆ ಕೆಲಸ ಮೇಲಿಂದ ಆಗುವುದಿಲ್ಲ.

‘ಹಾಗಾದರೆ ಗಟ್ಟಿಯಾಗಿ ಕಲಸಿ ಹಾಕಿ’ ಎನ್ನುತ್ತಾರೆ. ದಯವಿಟ್ಟು ಬೇಡ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಅಷ್ಟನ್ನೇ ಹತ್ತು ಲೀಟರಿಗೆ ಕದಡಿದರೆ ಸಿಗುವುದು ನೀಲಿ ಕೆಸರು. ಅದು ಟ್ಯಾಂಕಿನ ತಳಕ್ಕಿಳಿದು ಜರಡಿ ಕಟ್ಟುತ್ತದೆ, ಆಮೇಲೆ ನಳಿಕೆ ಕಟ್ಟುತ್ತದೆ. ಒಂದು ಬದಿಯ ನಳಿಕೆ ನಿಂತರೂ ಡ್ರೋನ್ ಹಾರುತ್ತಲೇ ಇರುತ್ತದೆ. ನೆಲದಿಂದ ನೋಡುವವರಿಗೆ ಒಂದು ಸಾಲು ಪೂರ್ತಿ ತಪ್ಪಿದ್ದು ಗೊತ್ತಾಗುವುದಿಲ್ಲ.

ಎಲೆಚುಕ್ಕೆ ರೋಗದ ಮಾತು ಬೇರೆ. ಅಲ್ಲಿ ಗುರಿಯೇ ಸೋಗೆ, ಹಾಗಾಗಿ ಡ್ರೋನ್ ಹೊಂದಬಹುದು. ಆದರೂ ರೋಗ ಹೆಚ್ಚಾಗಿ ಕೂರುವುದು ಕೆಳಗಿನ ಹಳೆ ಸೋಗೆಯಲ್ಲಿ ಎಂಬುದು ನೆನಪಿರಲಿ.

ಕರೆಸಲೇಬೇಕೆಂದರೆ ಮೊದಲು ಬರೀ ನೀರು ಹೊಡೆಸಿ. ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದ ಸಿಗುತ್ತದೆ. ಮಳೆ ಬಿಟ್ಟ ದಿನ ನಾಲ್ಕೈದು ಮರಕ್ಕೆ ಮೂರು ಮೂರು ತುಂಡು ಸಿಕ್ಕಿಸಿ: ಸೋಗೆಯ ಮೇಲೊಂದು, ಕೊನೆಯ ಹೊರಮೈಗೊಂದು, ಕಾಯಿಗಳ ನಡುವೆ ಒಂದು. ನಡುವಿನದು ಹಳದಿಯಾಗಿಯೇ ಉಳಿದರೆ ಮುಂಗಾರಿಗೆ ಮೊದಲಿನ ಮದ್ದನ್ನೂ, 40–45 ದಿನದ ನಂತರದ್ದನ್ನೂ ದೋಟಿಯವನಿಗೇ ಬಿಡಿ.

ಪೈಲಟ್‌ಗೆ ಪ್ರಮಾಣಪತ್ರ ಇದೆಯೇ ಕೇಳಿ. ಅಬ್ಬಿ (ಗುಡ್ಡದ ಒರತೆ) ನೀರಿನ ತೊಟ್ಟಿ, ಬಾವಿಗೆ ಮದ್ದು ಬೀಳದಂತೆ ಮುಚ್ಚಿ. ಇನ್ನೊಂದು, ಕಣಿವೆಯ ತೋಟಗಳಿಗೆ ಮುಖ್ಯವಾದದ್ದು: ಬ್ಯಾಟರಿ ಇಳಿದಾಗ ಡ್ರೋನ್ ತಾನಾಗಿ ಮರಳುವ ಎತ್ತರವನ್ನು ಸಾಮಾನ್ಯವಾಗಿ ಹೊರಟ ಜಾಗದಿಂದ ಅಳೆಯುತ್ತದೆ. ತಗ್ಗಿನ ಅಂಗಳದಿಂದ ಹಾರಿಸಿ 30 ಮೀಟರ್ ಇಟ್ಟರೆ ಮೇಲಿನ ಸೊಪ್ಪಿನಬೆಟ್ಟದ ಮತ್ತಿ ಮರಕ್ಕೆ ಹೋಗಿ ಬಡಿಯಬಹುದು. ಹಾರಿಸುವ ಮುನ್ನ ಪೈಲಟ್‌ನನ್ನು ದಿಬ್ಬಕ್ಕೆ ಕರೆದೊಯ್ದು ಆ ಮರಗಳನ್ನು ತೋರಿಸಿ.