ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ

ಕಳೆದ ಆಷಾಢದ ಮಳೆಯಲ್ಲಿ ಶಿರಸಿ ಹತ್ತಿರದ ಅಡಿಕೆ ತೋಟಿಗರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. "ಡಾಕ್ಟ್ರೇ, ಈ ದವಡೆ ಹಲ್ಲು ಕಿತ್ತುಬಿಡಿ. ತಣ್ಣೀರು ತಾಗಿದ್ರೆ ಜುಂ ಅನ್ನಿಸ್ತದೆ" ಎಂದರು. ಆ ಹಲ್ಲನ್ನು ಅದಕ್ಕೂ ಮುಂಚೆ ಎರಡು ಸಲ ನಾನೇ ತುಂಬಿಕೊಟ್ಟಿದ್ದೆ. ಎರಡು ಸಲವೂ ಫಿಲ್ಲಿಂಗ್ ಒಡೆದಿತ್ತು. ಆಗೆಲ್ಲ ನಾನು ಆ ಒಂದು ಹಲ್ಲನ್ನಷ್ಟೇ ನೋಡಿದ್ದೆ.

ಈ ಸಲ ಅವರ ಹೆಂಡತಿಯೂ ಜೊತೆಗಿದ್ದರು. "ಇವರು ರಾತ್ರಿ ಹಲ್ಲು ಕಡೀತಾರೆ. ಬೀಸೋ ಕಲ್ಲು ತಿರುಗಿಸಿದ ಹಾಗೆ ಕೇಳ್ತದೆ" ಎಂದರು. ಗಂಡ ಒಪ್ಪಲಿಲ್ಲ. ಅದು ಸಹಜ. ಹಲ್ಲು ಕಡಿಯುವವರಿಗೆ ಅದು ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ.

ಬಾಯಿ ಪೂರ್ತಿ ನೋಡಿದೆ. ಅವರು ಕವಳ, ಅಂದರೆ ಎಲೆ-ಅಡಿಕೆ, ಹಾಕುವವರು. ಕವಳದಿಂದಲೂ ಹಲ್ಲು ಸವೆಯುತ್ತದೆ. ಆದರೆ ಇವರ ಕೋರೆ ಹಲ್ಲುಗಳ ತುದಿಯೂ ಚಪ್ಪಟೆಯಾಗಿತ್ತು. ದವಡೆ ಓರೆ ಮಾಡಿಸಿದರೆ ಮೇಲಿನ ಸವೆತ, ಕೆಳಗಿನ ಸವೆತ ಒಂದಕ್ಕೊಂದು ಸರಿಯಾಗಿ ಕೂರುತ್ತಿತ್ತು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು, ಕೆನ್ನೆಯ ಒಳಗೆ ಬಿಳಿ ಗೆರೆ. ಬೆಳಿಗ್ಗೆ ಕಣತಲೆ ನೋಯುತ್ತದಾ ಎಂದು ಕೇಳಿದೆ. ಹೌದು ಎಂದರು.

ನಿದ್ದೆಯ ನಡುವೆ ಮೆದುಳು ಆಗಾಗ ಕೆಲವು ಕ್ಷಣ ಅರೆ ಎಚ್ಚರವಾಗುತ್ತದೆ. ಎದೆಬಡಿತ ಸ್ವಲ್ಪ ಏರುತ್ತದೆ. ಹಿಂದೆಯೇ ದವಡೆಯ ಸ್ನಾಯು ಬಿಗಿಯುತ್ತದೆ. ಚಿಂತೆ ಒಂದೇ ಇದಕ್ಕೆ ಕಾರಣ ಅಲ್ಲ. ಮಲಗುವ ಮುಂಚಿನ ಕಾಫಿ, ಮದ್ಯ, ತಂಬಾಕು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಜಾಸ್ತಿ ಆಗಬಹುದು. ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ, ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಜೋರು ಗೊರಕೆ ಇದ್ದು, ನಡುವೆ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಮೊದಲು ಅದರ ಪರೀಕ್ಷೆ ಆಗಬೇಕು.

ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಎಂದು ನಮ್ಮಲ್ಲಿ ಈಗಲೂ ಹೇಳುತ್ತಾರೆ. ಹುಳದ ಮಾತ್ರೆ ಹುಳಕ್ಕೆ ಸರಿ, ಹಲ್ಲು ಕಡಿಯುವುದಕ್ಕೆ ಅದು ಮದ್ದಲ್ಲ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಅದು ತಾನಾಗಿ ನಿಲ್ಲುತ್ತದೆ.

ತೋಟಿಗರನ್ನು ಆಮೇಲೆ ಮಾತಾಡಿಸಿದೆ. ಮಳೆ ಬಿಟ್ಟಿರಲಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಹೊಡೆಸಲು ಮರ ಹತ್ತುವ ಕೊನೆಗೌಡ ಸಿಕ್ಕಿರಲಿಲ್ಲ. ಕಾಯಿಗೆ ಕೊಳೆ ರೋಗ ಶುರುವಾಗಿತ್ತು. ಹೇಳುತ್ತಿದ್ದ ಹಾಗೆ ಅವರ ಕೆನ್ನೆಯ ಹಿಂದೆ ಸ್ನಾಯು ಉಬ್ಬಿ ಇಳಿಯುವುದು ನನಗೆ ಕಾಣುತ್ತಿತ್ತು. ಅವುಡುಗಚ್ಚಿ ಸಹಿಸುವುದು ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಹಗಲೆಲ್ಲ ನಾವು ನಿಜವಾಗಿಯೂ ಅವುಡು ಕಚ್ಚಿಕೊಂಡೇ ಇರುತ್ತೇವೆ.

ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಅಗತ್ಯವೇ ಇಲ್ಲ. ಎಲ್ಲ ಸೇರಿಸಿದರೂ ದಿನಕ್ಕೆ ಸುಮಾರು 20 ನಿಮಿಷ ಅಷ್ಟೇ. ಇದನ್ನು ಓದುತ್ತಿರುವ ನಿಮ್ಮ ಹಲ್ಲು ಈಗ ತಾಗಿಕೊಂಡಿದೆಯಾ? ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ. ಫೋನ್ ಕೈಗೆತ್ತಿಕೊಂಡಾಗಲೆಲ್ಲ ಒಮ್ಮೆ ನೋಡಿಕೊಳ್ಳಿ. ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವವರು ಪ್ರತಿ ತಿರುವು ಮುಗಿದ ಮೇಲೆ ನೋಡಿಕೊಳ್ಳಿ. ರಾತ್ರಿ ಕಡಿಯುವುದು ನಮ್ಮ ಕೈಯಲ್ಲಿಲ್ಲ. ಹಗಲು ಕಚ್ಚಿಕೊಳ್ಳುವುದು ಇದೆ.

ರಾತ್ರಿಗೆ ನೈಟ್ ಗಾರ್ಡ್ ಕೊಡುತ್ತೇವೆ. ಹಲ್ಲಿನ ಅಳತೆ ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿಸುವ ಕವಚ ಅದು. ಕಡಿಯುವುದನ್ನು ಅದು ನಿಲ್ಲಿಸುವುದಿಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ. ಹಲ್ಲಿನ ಹೊರಗಿನ ಗಟ್ಟಿ ಪದರ, ಎನಾಮಲ್, ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ, ಗಾರ್ಡ್ ಸವೆದರೆ ಇನ್ನೊಂದು ಮಾಡಿಸಬಹುದು. ಆನ್‌ಲೈನಿನಲ್ಲಿ ಸಿಗುವ ಮೆತ್ತನೆಯ ರಬ್ಬರಿನಂಥದ್ದನ್ನು ನಾನು ಹೇಳುವುದಿಲ್ಲ. ಅದನ್ನು ಕೆಲವರು ರಾತ್ರಿಯೆಲ್ಲ ಅಗಿಯುತ್ತಾರೆ.

ತೋಟಿಗರ ಹಲ್ಲು ಕೀಳಲಿಲ್ಲ, ಮತ್ತೆ ತುಂಬಿ ಗಾರ್ಡ್ ಕೊಟ್ಟೆ. ಅಡಿಕೆ ಕೊನೆಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಅವರು ಮತ್ತೆ ಬಂದರು. ಗಾರ್ಡಿನ ಮೇಲೆ ಗೀರುಗಳಿದ್ದವು, ಫಿಲ್ಲಿಂಗ್ ಹಾಗೇ ಇತ್ತು. ಕೊಳೆಯಲ್ಲಿ ಎಷ್ಟು ಹೋಯಿತು ಎಂದು ನಾನು ಕೇಳಲಿಲ್ಲ, ಅವರೇ ಹೇಳತೊಡಗಿದರು. ಅರ್ಧದಲ್ಲಿ ಅವುಡು ಬಿಗಿಯಾದದ್ದು ಅವರಿಗೇ ಗೊತ್ತಾಯಿತು. ಮಾತು ನಿಲ್ಲಿಸಿ, ದವಡೆ ಸಡಿಲ ಬಿಟ್ಟು, ಮತ್ತೆ ಮುಂದುವರಿಸಿದರು.