ಟೈಟಾನಿಯಂ ಪಾಲಿಶ್: ಎಷ್ಟು ಕರಗಿಸಬೇಕು ಅನ್ನೋದೇ ಮೊದಲ ಪ್ರಶ್ನೆ

ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಪಾರ್ಟ್ ಕಟ್ಟುವ 3ಡಿ ಪ್ರಿಂಟರ್‌ನಿಂದ ಆಗಷ್ಟೇ ಹೊರಗೆ ಬಂದ ಟೈಟಾನಿಯಂ ಪಾರ್ಟ್ ಒಂದನ್ನು ಬೆರಳಲ್ಲಿ ಸವರಿ ನೋಡಿ. ಮರಳು ಕಾಗದ ಮುಟ್ಟಿದ ಹಾಗಿರುತ್ತದೆ. ಮೈಕ್ರೋಸ್ಕೋಪ್ ಕೆಳಗಿಟ್ಟರೆ ಕಾರಣ ಕಾಣುತ್ತದೆ. ಮೈತುಂಬ ದುಂಡು ದುಂಡು ಮಣಿಗಳು. ಕೆಲವು ಅರ್ಧ ಹೂತು ಕೂತಿರುತ್ತವೆ, ಕೆಲವು ಒಂದು ಸಣ್ಣ ಕುತ್ತಿಗೆಯಲ್ಲಿ ಅಂಟಿಕೊಂಡಿರುತ್ತವೆ. ಇವು ಪೂರ್ತಿ ಕರಗದೆ ಉಳಿದ ಪುಡಿ. ಒಂದೊಂದು ಕಾಳು ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್. ಅದರ ಕೆಳಗೆ ಪದರಗಳ ಅಲೆ ಬೇರೆ. ಕೆಳಮುಖವಾಗಿ ಪ್ರಿಂಟ್ ಆದ ಜಾಗವಂತೂ ಇನ್ನೂ ಜಾಸ್ತಿ ಒರಟು.

ಜಾಲರಿಯಂಥ ಪಾರ್ಟ್‌ನ ಒಳಗೆ ಯಾವ ಟೂಲೂ ಹೋಗುವುದಿಲ್ಲ. ಆದರೆ ದ್ರಾವಣ ಹೋಗುತ್ತದೆ. ಎಲೆಕ್ಟ್ರೋಪಾಲಿಶಿಂಗ್ ಬೇಕಾಗುವುದು ಅದಕ್ಕೇ.

ಕೆಲಸ ನಡೆಯುವ ರೀತಿ ಸರಳ. ಪಾರ್ಟನ್ನು ದ್ರಾವಣದಲ್ಲಿ ಮುಳುಗಿಸಿ ಪಾಸಿಟಿವ್ ತಂತಿಗೆ ಜೋಡಿಸಿದರೆ ಲೋಹ ಕರಗುತ್ತದೆ. ಕರಗಿದ ಲೋಹ ಮೇಲ್ಮೈ ಪಕ್ಕದಲ್ಲೇ ಮಂದವಾದ ಒಂದು ಪದರ ಕಟ್ಟುತ್ತದೆ. ಉಬ್ಬಿನ ಮೇಲೆ ಆ ಪದರ ತೆಳು, ತಗ್ಗಿನಲ್ಲಿ ದಪ್ಪ. ಹಾಗಾಗಿ ಉಬ್ಬು ಬೇಗ ಕರಗುತ್ತದೆ. ಫ್ರಾನ್ಸಿನ ಪಿಯರ್ ಜಾಕೆ 1930ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಸ್ಟೇನ್‌ಲೆಸ್ ಸ್ಟೀಲ್‌ಗೆ ಇದು ದಿನನಿತ್ಯದ ಕೆಲಸ. ಟೈಟಾನಿಯಂ ಹಾಗಲ್ಲ. ಗಾಳಿ ತಾಕಿದ ಕ್ಷಣಕ್ಕೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಬೆಳೆಯುತ್ತದೆ. ನೀರಿರುವ ದ್ರಾವಣದಲ್ಲಿ ವೋಲ್ಟೇಜ್ ಏರಿಸಿದರೆ ಲೋಹ ಕರಗುವ ಬದಲು ಪೊರೆಯೇ ದಪ್ಪವಾಗುತ್ತದೆ. ಪಾರ್ಟ್ ಚಿನ್ನದ ಬಣ್ಣಕ್ಕೋ ನೀಲಿಗೋ ತಿರುಗುತ್ತದೆ. ನೋಡಲು ಚೆಂದ, ಆದರೆ ಮಣಿಗಳು ಇದ್ದಲ್ಲೇ ಇರುತ್ತವೆ.

ಈ ಪೊರೆಯನ್ನು ಒಡೆಯಲು ಹಿಂದೆ ಬಳಸುತ್ತಿದ್ದ ಆಸಿಡ್‌ಗಳನ್ನು ನೆನೆದರೆ ಈಗಲೂ ಭಯವಾಗುತ್ತದೆ. ಪರ್ಕ್ಲೋರಿಕ್ ಆಸಿಡ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಬೆರೆಸಿದ ಟ್ಯಾಂಕ್ ಒಂದು 1947ರಲ್ಲಿ ಲಾಸ್ ಏಂಜಲೀಸ್‌ನ ಕಾರ್ಖಾನೆಯಲ್ಲಿ ಸ್ಫೋಟಗೊಂಡು 17 ಜನ ಸತ್ತರು. ಅಲ್ಲಿ ಪಾಲಿಶ್ ಆಗುತ್ತಿದ್ದದ್ದು ಅಲ್ಯೂಮಿನಿಯಂ. ಇನ್ನೊಂದು ಹೈಡ್ರೋಫ್ಲೋರಿಕ್ ಆಸಿಡ್. ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುತ್ತದೆ. ನೋವು ತಡವಾಗಿ ಗೊತ್ತಾಗುವುದರಿಂದ ಅದು ಇನ್ನೂ ಅಪಾಯ. ಬೇರೆ ದಾರಿ ಇರುವಾಗ ಇವನ್ನು ಮುಟ್ಟಬೇಡಿ ಅಂತಲೇ ನಾನು ಹೇಳುತ್ತೇನೆ.

ಬೇರೆ ದಾರಿ ಇದೆ. ಎಥಿಲೀನ್ ಗ್ಲೈಕಾಲ್‌ನಲ್ಲಿ ಕ್ಲೋರೈಡ್ ಉಪ್ಪು ಕರಗಿಸಿದ ದ್ರಾವಣ ಅದರಲ್ಲೊಂದು. ಕ್ಲೋರೈಡ್ ಪೊರೆಯನ್ನು ಒಡೆಯುತ್ತದೆ. ನೀರು ಕಡಿಮೆ ಇರುವುದರಿಂದ ಪೊರೆ ಮತ್ತೆ ಸುಲಭವಾಗಿ ಕಟ್ಟಿಕೊಳ್ಳುವುದಿಲ್ಲ. ಆದರೆ ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ. ನೆನ್ನೆ ಚೆನ್ನಾಗಿದ್ದ ಟ್ಯಾಂಕ್ ಇವತ್ತು ಕೈಕೊಟ್ಟರೆ ಮೊದಲು ನೀರಿನ ಅಂಶ ಪರೀಕ್ಷಿಸಿ. ಸುಮ್ನೆ ವೋಲ್ಟೇಜ್ ತಿರುಗಿಸುತ್ತಾ ಕೂರಬೇಡಿ. ಕರೆಂಟನ್ನು ಆಗಾಗ ಕ್ಷಣಕಾಲ ಉಲ್ಟಾ ಮಾಡುವ ಪಲ್ಸ್ ವಿಧಾನವೂ ಇದೆ. ಉಲ್ಟಾ ಆದಾಗ ಪಾರ್ಟ್ ಮೇಲೆ ಹುಟ್ಟುವ ಹೈಡ್ರೋಜನ್ ಮೇಲೆ ಕಣ್ಣಿಡಬೇಕು. ಟೈಟಾನಿಯಂ ಅದನ್ನು ಹೀರಿದರೆ ಪೆಡಸಾಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಕೆಲಸ ಕೆಡುವುದು ಬೇರೊಂದು ಕಡೆ. ಒಮ್ಮೆ ನನ್ನ ಕೈಯಲ್ಲೇ ಕೆಟ್ಟಿತು. 300 ಮೈಕ್ರಾನ್ ದಪ್ಪದ ಕಡ್ಡಿಗಳ ಜಾಲರಿ ಅದು. ಟ್ಯಾಂಕ್‌ನಿಂದ ತೆಗೆದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಖುಷಿಯಾಯಿತು. ಕತ್ತರಿಸಿ ನೋಡಿದರೆ ಹೊರಗಿನ ಕಡ್ಡಿಗಳು ಸವೆದು ಸೂಜಿಯಾಗಿದ್ದವು. ನಡುವಿನ ಕಡ್ಡಿಗಳಲ್ಲಿ ಮಣಿಗಳು ಹಾಗೇ ಕೂತಿದ್ದವು. ಕರೆಂಟ್ ಹತ್ತಿರದ ಅಂಚುಗಳಿಗೇ ಜಾಸ್ತಿ ಹರಿದಿತ್ತು. ಒಳಗಿನವಕ್ಕೆ ಪಾಲು ಸಿಕ್ಕಿರಲಿಲ್ಲ.

ಲೆಕ್ಕ ನೋಡಿ. ಸುತ್ತಲೂ 50 ಮೈಕ್ರಾನ್ ಕರಗಿದರೆ 300ರ ಕಡ್ಡಿ 200 ಆಗುತ್ತದೆ. ಅಡ್ಡಕೊಯ್ತದ ವಿಸ್ತೀರ್ಣ ಶೇ 44ಕ್ಕೆ ಇಳಿಯುತ್ತದೆ. ಬಾಗದೆ ನಿಲ್ಲುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಬದಲಾಗುವುದರಿಂದ ಅದು ಶೇ 20ಕ್ಕೆ ಬಂದು ನಿಲ್ಲುತ್ತದೆ. 50 ಮೈಕ್ರಾನ್‌ಗೆ ಎಷ್ಟು ಹೊತ್ತು ಬೇಕು? ಚದರ ಸೆಂಟಿಮೀಟರ್‌ಗೆ 1 ಆಂಪಿಯರ್ ಕೊಟ್ಟು, ಅದೆಲ್ಲ ಟೈಟಾನಿಯಂ ಕರಗಿಸಲಿಕ್ಕೇ ಹೋದರೆ, ನಿಮಿಷಕ್ಕೆ ಸುಮಾರು 16 ಮೈಕ್ರಾನ್ ಇಳಿಯುತ್ತದೆ. ಬರೀ ಮೂರು ನಿಮಿಷದ ಮಾತು!

ಅದಕ್ಕೇ ಈಗ ಡ್ರಾಯಿಂಗ್ ಹಂತದಲ್ಲೇ ಕೇಳುತ್ತೇನೆ, ಎಷ್ಟು ಕರಗಿಸಬೇಕು ಅಂತ. 300 ಬೇಕಿದ್ದರೆ 400 ಪ್ರಿಂಟ್ ಮಾಡಿ. ಒಳಗಿನ ಕಾಲುವೆಗೆ ಕ್ಯಾಥೋಡ್, ಅಂದರೆ ನೆಗೆಟಿವ್ ತಂತಿಗೆ ಜೋಡಿಸಿದ ತುಂಡು ಕೂಡ ಒಳಗೇ ಹೋಗಬೇಕು, ಅದಕ್ಕೂ ದಾರಿ ಬಿಡಿ.

ಹೊಳಪನ್ನು ಅಳತೆ ಅಂದುಕೊಳ್ಳಬೇಡಿ. ಸಣ್ಣ ಒರಟು ಮೊದಲು ಹೋಗುತ್ತದೆ, ಹೊಳಪು ಬೇಗ ಬರುತ್ತದೆ. ಪದರಗಳ ಅಲೆ ಹೋಗಲು ಇನ್ನೂ ತುಂಬಾ ಲೋಹ ಕರಗಬೇಕು. ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ, ಪ್ರಿಂಟ್ ಮಾಡುವಾಗ ಲೇಸರ್ ಎಳೆದ ಹೊರ ಅಂಚಿನ ಗೆರೆಯೂ ಒಳಗೆ ತುಂಬಿದ ಭಾಗವೂ ಸೇರುವ ಜಾಗದಲ್ಲಿ, ಸಣ್ಣ ಗುಳ್ಳೆಗಳು ಅಡಗಿರುವುದುಂಟು. ಅಲ್ಲಿಯವರೆಗೆ ಕರಗಿಸಿದರೆ ಅವು ಬಾಯಿ ಬಿಟ್ಟು ಗುಳಿಗಳಾಗುತ್ತವೆ. ಬಿರುಕು ಶುರುವಾಗಲು ಒಂದು ಗುಳಿ ಸಾಕು.

ಪಾಲಿಶ್‌ಗೆ ಮೊದಲೂ ಆಮೇಲೂ ತೂಕ ನೋಡಿ, ಸರಾಸರಿ ಎಷ್ಟು ಹೋಯಿತು ಅಂತ ತಿಳಿಯುತ್ತದೆ. ಒಳಗೆಷ್ಟು ಹೊರಗೆಷ್ಟು ಅನ್ನೋದು ತಕ್ಕಡಿಗೆ ಗೊತ್ತಾಗಲ್ಲ. ಮೊದಲ ಬ್ಯಾಚ್‌ನಲ್ಲಿ ಕತ್ತರಿಸಿ ನೋಡಲಿಕ್ಕೆ ಅಂತಲೇ ಒಂದು ಪಾರ್ಟ್ ಹೆಚ್ಚಿಗೆ ಪ್ರಿಂಟ್ ಮಾಡಿಸಿ.