ಟಿಶ್ಯೂ ಪೇಪರಿನಲ್ಲಿ ಅರ್ಧ ಗುಳಿಗೆ

ಮಳೆಗಾಲದ ಒಂದು ಶನಿವಾರ, ರಾತ್ರಿ ಎರಡು ಗಂಟೆ. ಮಡಿಕೇರಿ ಹತ್ತಿರದ ಹೋಂಸ್ಟೇಯಿಂದ ಬೆಂಗಳೂರಿನ ಹುಡುಗನೊಬ್ಬನನ್ನು ಗೆಳೆಯರು ನಮ್ಮ ಆಸ್ಪತ್ರೆಗೆ ಎತ್ತಿಕೊಂಡು ಬಂದರು. ಹೊರಗೆ ಕೊರೆಯುವ ಚಳಿ, ಅವನ ಮೈ ಮಾತ್ರ ಕೆಂಡ. ದವಡೆ ಬಿಗಿದುಕೊಂಡಿತ್ತು. ಏನು ತಗೊಂಡ ಅಂತ ಕೇಳಿದೆ. ಒಬ್ಬ ಜೇಬಿನಿಂದ ಮಡಚಿದ ಟಿಶ್ಯೂ ಪೇಪರ್ ತೆಗೆದ. ಒಳಗೆ ಅರ್ಧ ಗುಳಿಗೆ. "ಇದೇ ಸರ್. ಎಂಡಿಎಂಎ ಅಂತ ಹೇಳಿ ಕೊಟ್ಟಿದ್ರು." ಪಾರ್ಟಿಗಳಲ್ಲಿ ನಶೆಗೆ ನುಂಗುವ ಮಾದಕ ಅದು.

ಐಸ್ ಇಟ್ಟು, ಡ್ರಿಪ್ ಹಾಕಿ, ಬೆಳಗಾಗುವ ಹೊತ್ತಿಗೆ ಹುಡುಗ ಉಳಿದುಕೊಂಡ. ಆ ಗುಳಿಗೆಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಸ್ಪತ್ರೆಯ ಮೂತ್ರದ ಕಿಟ್ ಹಿಡಿಯುವುದು ನಾಲ್ಕಾರು ಹಳೇ ಮಾದಕಗಳನ್ನು. ಹೊಸ ಸಿಂಥೆಟಿಕ್‌ಗಳು ಅದಕ್ಕೆ ಕಾಣುವುದೇ ಇಲ್ಲ.

ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದ್ದಾರಾ ಅಂತ ಅನುಮಾನ ಬಂದರೆ ನಾವು ಲೋಟ ನೀರಿಗೆ ಹಾಕಿ ನೋಡುತ್ತೇವೆ. ಮೆಣಸು ಮುಳುಗುತ್ತದೆ, ಬೀಜ ತೇಲುತ್ತದೆ. ಡ್ರಗ್ ಚೆಕಿಂಗ್ ಅನ್ನುವುದೂ ಇಂಥದ್ದೇ ಕೆಲಸ. ತಗೊಳ್ಳುವ ಮೊದಲು ಒಂದು ಚೂರು ಕೊಟ್ಟು, ಒಳಗೇನಿದೆ ಅಂತ ತಿಳಿದುಕೊಳ್ಳುವುದು.

ನೆದರ್ಲೆಂಡ್ಸ್ 1992ರಿಂದ ಇದನ್ನು ಸರ್ಕಾರಿ ದುಡ್ಡಿನಲ್ಲೇ ನಡೆಸುತ್ತಿದೆ. 2014ರ ಡಿಸೆಂಬರ್‌ನಲ್ಲಿ ಅಲ್ಲಿನ ಕೇಂದ್ರಕ್ಕೆ ಸೂಪರ್‌ಮ್ಯಾನ್ ಗುರುತಿನ ಗುಲಾಬಿ ಗುಳಿಗೆ ಬಂತು. ಎಂಡಿಎಂಎ ಇರಬೇಕಾದಲ್ಲಿ ಪಿಎಂಎಂಎ ಅನ್ನುವ ಇನ್ನೂ ಅಪಾಯದ ಮಾದಕ ಇತ್ತು. ಇದರ ನಶೆ ಏರುವುದು ನಿಧಾನ. ಏನೂ ಆಗಲಿಲ್ಲ ಅಂತ ಇನ್ನೊಂದು ನುಂಗುತ್ತಾರೆ, ಅಷ್ಟರಲ್ಲಿ ಮೈ ಕಾಯುತ್ತದೆ. ದೇಶಕ್ಕೆಲ್ಲ ಎಚ್ಚರಿಕೆ ಹೋಯಿತು, ಅಲ್ಲಿ ಸಾವು ವರದಿಯಾಗಲಿಲ್ಲ. ಬ್ರಿಟನ್ನಿನಲ್ಲಿ ಅದೇ ಗುಳಿಗೆಗೆ ನಾಲ್ವರು ಬಲಿಯಾದರು. ನ್ಯೂಜಿಲೆಂಡ್ 2021ರಲ್ಲಿ ಈ ಸೇವೆಗೆ ಕಾನೂನನ್ನೇ ಮಾಡಿತು.

ಕೊಡಗಿನಲ್ಲಿ ಶುರು ಮಾಡಬಹುದಾ? ಯಂತ್ರ ಸಿಗುತ್ತದೆ. ಬೆಳಕು ಹಾಯಿಸಿ ವಸ್ತು ಗುರುತಿಸುವ ಎಫ್‌ಟಿಐಆರ್ ಒಂದು ಮೇಜಿನ ಮೇಲೆ ಕೂರುತ್ತದೆ. ಆದರೆ ತೀರಾ ಸ್ವಲ್ಪ ಬೆರೆಸಿದ್ದು ಅದರ ಕಣ್ಣಿಗೂ ತಪ್ಪುತ್ತದೆ. ಅದಕ್ಕೇ ಚೂರೇ ಚೂರು ಇದ್ದರೂ ಕೊಲ್ಲಬಲ್ಲ ಫೆಂಟನಿಲ್‌ಗೆ ಅದ್ದಿ ನೋಡುವ ಬೇರೆ ಪರೀಕ್ಷಾ ಪಟ್ಟಿ ಬೇಕು. ಬಣ್ಣ ಬದಲಾಗುವ ದ್ರಾವಣ ಅಗ್ಗ, ಆದರೆ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ಇಂಥ ಕೇಂದ್ರದಲ್ಲಿ ಯಾರೂ "ಇದು ಸೇಫ್" ಅನ್ನಬಾರದು. ಯಂತ್ರಕ್ಕಿಂತ ಜಾಸ್ತಿ ಉಪಯೋಗ ಫಲಿತಾಂಶ ಬರುವವರೆಗಿನ ಹತ್ತು ನಿಮಿಷದ ಮಾತಿನದು. ಎಷ್ಟೋ ಜನ ಈ ವಿಷಯ ಮಾತಾಡಲು ಕೂರುವುದೇ ಅಲ್ಲಿ.

ತೊಡಕು ಇರುವುದು ಕಾನೂನಿನಲ್ಲಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಚೂರು ಇಟ್ಟುಕೊಂಡರೂ ಅಪರಾಧ. ತಂದವನಿಗೂ ಭಯ, ಮುಟ್ಟಿದ ನನಗೂ ಭಯ. ಚಿಕಿತ್ಸೆಗೆ ತಾನಾಗಿ ಬರುವ ವ್ಯಸನಿಗೆ 64ಎ ಕಲಮಿನಲ್ಲಿ ಸ್ವಲ್ಪ ರಕ್ಷಣೆ ಇದೆ. ವಾರಾಂತ್ಯಕ್ಕೆ ಬಂದು ಒಂದು ಗುಳಿಗೆ ನುಂಗುವ ಹುಡುಗ ಅದರೊಳಗೆ ಬರುವುದು ಕಷ್ಟ. ಚುಚ್ಚಿಕೊಳ್ಳುವವರಿಗೆ ಹೊಸ ಸಿರಿಂಜು, ಹೆರಾಯಿನ್ ಥರದ ಚಟಕ್ಕೆ ಬದಲಿಯಾಗಿ ಬ್ಯುಪ್ರಿನಾರ್ಫಿನ್ ಔಷಧಿ ಕೊಡುವ ಸರ್ಕಾರ ಇದನ್ನೂ ಯೋಚಿಸಬಹುದಲ್ವಾ?

ಅಲ್ಲಿಯವರೆಗೆ ನಮ್ಮ ಕ್ಯಾಶುವಾಲ್ಟಿಯಲ್ಲಿ ಒಂದು ಪ್ರಶ್ನೆ ಬದಲಾಯಿಸಿದ್ದೇವೆ. "ಯಾರು ಕೊಟ್ಟರು?" ಅಂದರೆ ಹುಡುಗರು ಬಾಯಿ ಮುಚ್ಚುತ್ತಾರೆ. ಈಗ ನರ್ಸ್ ಕೇಳುವುದು, "ಏನಂತ ಹೇಳಿ ಕೊಟ್ಟರು, ಎಷ್ಟು ಹೊತ್ತಾಯ್ತು?"